ಬುಡಸಮೇತ ಅಳಿಸಿದ ದಿನ

ಕಂಪ್ಯೂಟರಿನ ಬುದ್ಧಿಯೆಲ್ಲ ನನಗೆ ಗೊತ್ತು ಎಂಬ ಜಂಬ ನನಗಿತ್ತು. ಹೆಬ್ಬಗೋಡಿಯ ಬಸ್ ಸ್ಟಾಪಿನ ಹಿಂದೆ ಹದಿನಾರು ವರ್ಷದಿಂದ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುವವನಿಗೆ ಅಷ್ಟಾದರೂ ಜಂಬ ಬೇಡವೇ? ಈಗ ಪೂರ್ತಿ ಇಳಿದಿದೆ, ಸಂತೋಷಪಡುವವರು ಪಡಬಹುದು.

ನನ್ನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಒಂದು ಬೆಳಿಗ್ಗೆ ತೆರೆಯಲೇ ಇಲ್ಲ. ತೆಗೆದು ಹೊಸದಾಗಿ ಹಾಕೋಣವೆಂದು ಅನ್‌ಇನ್‌ಸ್ಟಾಲ್ ಮಾಡಿದೆ. ‘ಹೋಯಿತು’ ಎಂದು ಪರದೆ ಹೇಳಿತು. ಹೊಸದನ್ನು ಹಾಕಹೋದರೆ ‘ಈಗಾಗಲೇ ಇದೆ’ ಎಂದಿತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದ ನಮ್ಮ ಹಿರಿಯರು ಕಂಪ್ಯೂಟರ್ ಕಂಡವರಲ್ಲ. ಆದರೂ ಅನ್‌ಇನ್‌ಸ್ಟಾಲ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ನಮ್ಮೂರಿನ ಬಾಡಿಗೆ ರೂಮುಗಳಲ್ಲೂ ಹೀಗೆಯೇ. ಖಾಲಿ ಮಾಡಿ ಹೋದವರ ಮೊಳೆ, ಕ್ಯಾಲೆಂಡರು, ಒಂಟಿ ಚಪ್ಪಲಿ ಉಳಿದಿರುತ್ತವೆ. ಹೊಸಬರು ಬೈದುಕೊಂಡೇ ಗುಡಿಸುತ್ತಾರೆ.

ನಾನೂ ಗುಡಿಸಲು ಕೂತೆ. ಒಂದು ಫೈಲ್ ಅಳಿಸಿದರೆ ಇನ್ನೊಂದು ಇಣುಕುತ್ತಿತ್ತು. ಒಂದಂತೂ ‘ಬೇರೆ ಪ್ರೋಗ್ರಾಂ ಇದನ್ನು ಬಳಸುತ್ತಿದೆ’ ಎಂದು ಹಟ ಹಿಡಿಯಿತು. ಯಾವ ಪ್ರೋಗ್ರಾಂ? ಅದನ್ನು ಮಾತ್ರ ಹೇಳಲೊಲ್ಲದು! ಮೂರು ಸಲ ರೀಸ್ಟಾರ್ಟ್ ಮಾಡಿದೆ. ಊಟ ತಪ್ಪಿತು, ತಲೆ ಕೆಟ್ಟಿತು. ಕಡೆಗೆ ಆ ಸಾಫ್ಟ್‌ವೇರಿನ ಹೆಸರಿದ್ದ ಇಡೀ ಫೋಲ್ಡರನ್ನೇ ಹಿಡಿದು, ರೀಸೈಕಲ್ ಬಿನ್ನಿಗೂ ಹೋಗದ ಹಾಗೆ ಬುಡಸಮೇತ ಅಳಿಸಿದೆ. ಹೊಸದು ತಕರಾರಿಲ್ಲದೆ ಕೂತಿತು. ಗೆದ್ದೆನಲ್ಲ ಎಂದು ಟೀ ತರಿಸಿಕೊಂಡೆ.

ಅರ್ಧ ಟೀ ಕುಡಿದಾಗ ನೆನಪಾಯಿತು. ಅಯ್ಯೋ, ಮುನಿಯಮ್ಮನ ಹಾಡುಗಳು!

ಮುನಿಯಮ್ಮ ಈ ಊರಿನ ಹಳೆಯ ಮನೆತನದ ಅಜ್ಜಿ. ಅತ್ತೆಯಿಂದ ಕಲಿತ ಸೋಬಾನೆ ಹಾಡುಗಳ ಪುಸ್ತಕ ಮಾಡಿಸಿ ಮೊಮ್ಮಗಳ ಮದುವೆಯಲ್ಲಿ ಹಂಚಬೇಕೆಂಬುದು ಅವಳ ಆಸೆ. ಅದಕ್ಕೇ ಹೋದ ವರ್ಷ ಒಂದು ತಿಂಗಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹಾಡಿದ್ದಳು, ನಾನು ಟೈಪ್ ಮಾಡಿದ್ದೆ. ಗಿರಾಕಿಗಳು ಕಂಪ್ಯೂಟರಿಗೆ ಕೈ ಹಾಕಿ ಏನಾದರೂ ಅಳಿಸಿಯಾರೆಂದು ನನಗೆ ಸದಾ ಭಯ. ಹಾಗಾಗಿ ಅಕ್ಕಿ ಡಬ್ಬಿಯಲ್ಲಿ ಚಿನ್ನದ ಓಲೆ ಬಚ್ಚಿಡುವವರಂತೆ, ಯಾರೂ ಮುಟ್ಟದ ಜಾಗವೆಂದು ಆ ಸಾಫ್ಟ್‌ವೇರಿನ ಫೋಲ್ಡರಿನೊಳಗೇ ಹಾಡುಗಳನ್ನು ಇಟ್ಟಿದ್ದೆ. ಪ್ರಿಂಟ್? ತಪ್ಪು ತಿದ್ದಿ ತೆಗೆಯೋಣವೆಂದು ಬಿಟ್ಟಿದ್ದೆ. ಪೆನ್‌ಡ್ರೈವ್? ಕೇಳಬೇಡಿ.

ಅಳಿಸಿಹೋದದ್ದನ್ನು ಹುಡುಕಿಕೊಡುವವನೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. ಯಂತ್ರ ಹೊತ್ತುಕೊಂಡು ಓಡಿದೆ. “ಅದ್ರ ಮೇಲೇನೇ ಹೊಸ್ದು ಹಾಕ್ಬಿಟ್ಟಿದೀರಲ್ಲ ಸಾರ್, ಏನೂ ಸಿಗಲ್ಲ” ಎಂದ. ಹೋಗು ಎಂದರೆ ಹೋಗದೆ ಬೆಳಗೆಲ್ಲ ಕಾಡಿದ ಯಂತ್ರ, ಕೊಡು ಎಂದಾಗ ಒಂದಕ್ಷರ ಕೊಡಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಮುನಿಯಮ್ಮ ಬಂದಾಗ ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟೆ. “ಇನ್ನೊಂದ್ಸಲ ಹಾಡ್ಬಿಡಿ ಅಜ್ಜಿ, ನಿಮ್ ಕಾಲಿಗ್ ಬೀಳ್ತೀನಿ.”

“ಅದ್ಕ್ಯಾಕಪ್ಪ ಇಂಗಾಡ್ತೀಯ? ಬರ್ಕೋ” ಎಂದು ಶುರುಮಾಡಿದಳು. ಮೂರನೆಯ ಸಾಲಿಗೆ ನಿಂತಳು. ಇನ್ನೊಂದು ಹಾಡು ಹಿಡಿದಳು. ಅದೂ ನಡುವೆ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ದಿನಾ ರಾಗಿ ಕೇರ್ವಾಗ ಏಳ್ಕೊಳ್ತಿದ್ದೆ ಕಣಪ್ಪ. ನಿನ್ ಮಿಸನ್ನಾಗೆ ಸೇರೋಯ್ತಲ್ಲ, ಇನ್ಯಾಕೆ ನೆಪ್ಪಿಟ್ಕೊಳ್ಳೋದು ಅಂತ ಬುಟ್ಬುಟ್ಟೆ.”

ನನಗೆ ಅಳುವೇ ಬಂತು. ನಾನು ಅಳಿಸಿದ್ದು ಒಂದು ಕಡೆಯಲ್ಲ, ಎರಡು ಕಡೆ. ಅಜ್ಜಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಗುನುಗಿಕೊಂಡಳು. ಆಮೇಲೆ ಕೇಳಿದಳು, “ಅಲ್ಲೊಂದು ಇಲ್ಲೊಂದು ಸಾಲೈತೆ. ಚೂರುಪಾರು ಆದೀತೇನಪ್ಪ?”

ಆದೀತು ಎಂದೆ. ಯಂತ್ರ ಆರಿಸಿ, ನೋಟ್‌ಬುಕ್ ತೆಗೆದೆ. ಅವಳು ಒಂದು ಸಾಲು ಹಾಡಿ ನಿಲ್ಲಿಸಿದಳು. ನಾನು ಬರೆದುಕೊಂಡೆ, ಕೆಳಗೆ ಎರಡು ಸಾಲಿನ ಜಾಗ ಖಾಲಿ ಬಿಟ್ಟೆ.