ಅಪ್ಪನ ತೊಡೆಯ ಅಳತೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಪ್ಪನದೊಂದು ಕಟ್ಟಳೆ ಇತ್ತು: ಮನೆಯವರ ಮೈಗೆ ಟೇಪು ಹಚ್ಚಬಾರದು. ಹುಮನಾಬಾದಿನ ಅರ್ಧ ಊರಿಗೆ ಪಾಯಜಾಮ ಹೊಲಿದವನು ನಮ್ಮ ಬಟ್ಟೆಗಳನ್ನು ಮಾತ್ರ ಹಳೆಯದನ್ನು ಹಾಸಿ, ಅದರ ಗುರುತಿನ ಮೇಲೆಯೇ ಕತ್ತರಿಸುತ್ತಿದ್ದ. ಮನೆಯವರ ಅಳತೆ ತೆಗೆಯುವುದು ಒಮ್ಮೆ ಮಾತ್ರ, ಸತ್ತ ಮೇಲೆ ಹೊದಿಸುವ ಬಿಳಿ ಬಟ್ಟೆಗೆ ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಮೀರುವ ಧೈರ್ಯ ಮಾತ್ರ ಇರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಅವನಿಗೆ ದಮ್ಮು ಹತ್ತಿತು. ಬೀಡಿ ಒಂದು ಕಡೆ, ಇದ್ದಿಲಿನ ಇಸ್ತ್ರಿಯ ಹೊಗೆ ಇನ್ನೊಂದು ಕಡೆ. ಪ್ರತಿ ಗುರುವಾರ ಮಾಣಿಕನಗರದ ಗುಡಿಗೆ ನಡೆದೇ ಹೋಗುತ್ತಿದ್ದವನು ದಾರಿಯಲ್ಲಿ ಕೂತು ಕೂತು ಹೋಗತೊಡಗಿದ. ನಾನು ನಡಿಗೆ ಬಿಡಿಸಿ ಆಟೋ ಹತ್ತಿಸಿದೆ. ಕಾಲಿಂದ ತುಳಿಯುವ ಕಷ್ಟ ಬೇಡವೆಂದು ಅವನ ಮಷಿನ್ನಿಗೆ ಮೋಟಾರು ಕೂಡಿಸಿದೆ. ಮಗ ಅಂದರೆ ಹೀಗಿರಬೇಕು ಎಂದಿತು ಓಣಿ. ನಾನೂ ಉಬ್ಬಿದೆ, ಕತ್ತೆ.

"ಕಾಲಾಗ ಕಸುವೇ ಇಲ್ಲಲೇ" ಎಂದು ಅಪ್ಪ ಒಮ್ಮೆ ಹೇಳಿದ.

"ದಮ್ಮು ಎದಿಯಾಗ ಅದ, ಕಾಲಿಗೇನಾಗ್ತದ? ಸುಮ್ಕ ಕೂಡು" ಎಂದು ಗದರಿಸಿದೆ.

ವರ್ಷಕ್ಕೊಮ್ಮೆ ಅವನ ಹಳೆಯ ಪಾಯಜಾಮ ಹಾಸಿ ಅದೇ ಅಗಲಕ್ಕೆ ಹೊಸದನ್ನು ಕತ್ತರಿಸುತ್ತಿದ್ದೆ. ಒಳಗಿನ ಕಾಲು ಎಷ್ಟು ಉಳಿದಿದೆ ಎಂದು ನೋಡಿದವರಿಲ್ಲ. ದಾರಿಯಲ್ಲಿ ಹೋಗುವವನ ಸೊಂಟವನ್ನು ಕಣ್ಣಲ್ಲೇ ಅಳೆಯುತ್ತಿದ್ದ ಬದ್ಮಾಶ್ ನಾನು.

ಉಸಿರು ತೀರ ಕಟ್ಟಿದಾಗ ಸೋಲಾಪುರದ ದವಾಖಾನೆಗೆ ಒಯ್ದೆ. ಡಾಕ್ಟರು ಎದೆ ನೋಡಿದರು, ಆಮೇಲೆ ಪಾಯಜಾಮ ಮೇಲೆತ್ತಿಸಿ ತೊಡೆ ಹಿಚುಕಿದರು. ಬಸುರಿಯರು ಸಾಲಾಗಿ ಕೂತಿದ್ದ ಕೋಣೆಗೆ ನಮ್ಮನ್ನು ಕರೆದೊಯ್ದರು.

"ನನಗೇನ್ ದಿನ ತುಂಬ್ಯಾವೇನ್ರಿ?" ಎಂದ ಅಪ್ಪ, ಏದುಸಿರಿನ ನಡುವೆಯೇ.

"ಕೂಸು ನೋಡೂ ಮಷಿನ್ಯಾಗ ಮಾಂಸನೂ ಕಾಣ್ತದ ಅಜ್ಜಾ" ಎಂದು ಡಾಕ್ಟರು ನಕ್ಕರು. ಅಂಟಂಟಾದ ಏನನ್ನೋ ತೊಡೆಗೆ ಸವರಿ ಒಂದು ಹಿಡಿಕೆ ಒತ್ತಿದರು. ಪರದೆಯ ಮೇಲೆ ಬೂದಿ ಬಣ್ಣದ ಪಟ್ಟಿಗಳು ಮೂಡಿದವು. ಮೇಲಿನದು ಚರ್ಮ, ಕೆಳಗೆ ಬೆಳ್ಳಗೆ ಹೊಳೆಯುವುದು ಎಲುಬು, ನಡುವಿನದು ಮಾಂಸ ಎಂದು ತೋರಿಸಿದರು. ನಡುವೆ ಹೆಚ್ಚೇನೂ ಇರಲಿಲ್ಲ.

"ದಮ್ಮಿಗೆ ಅಂಜಿ ಕುಂತಾರ, ಕುಂತಿದ್ದಕ್ಕ ಕಾಲು ಕರಗ್ಯಾವ. ಈಗ ನಾಕು ಹೆಜ್ಜಿ ಇಟ್ರೂ ದಮ್ಮು ಬರ್ತದ. ಇವರಿಗೆ ಕೂಡಂತ ಯಾರ ಹೇಳಿದ್ರಿ?"



"ಯಾರೂ ಹೇಳಿಲ್ರಿ. ನಾನೇ ಆಲಸಿ" ಎಂದ ಅಪ್ಪ. ನನ್ನ ಕಡೆ ನೋಡಲೂ ಇಲ್ಲ.

ಎದೆ ಮೊದಲಿನಂತಾಗದು, ಕಾಲಿಗೆ ಒಂದಿಷ್ಟು ಕಸುವು ಬಂದೀತು ಎಂದರು ಡಾಕ್ಟರು. ದಿನಾ ತಡೆದು ತಡೆದು ನಡೆಯಬೇಕು, ಮಷಿನ್ನು ತುಳಿಯಬೇಕು, ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ತೊಡೆಗೆ ಟೇಪು ಹಿಡಿದು ಬರೆದಿಡಬೇಕು.

ಊರಿಗೆ ಬಂದವನೇ ಮೋಟಾರು ಕಿತ್ತೆ. ಟೇಪು ಹಿಡಿಯಲು ಮಾತ್ರ ಕೈ ಬರಲಿಲ್ಲ. ನಾಲ್ಕು ದಿನ ನೋಡಿ ಅಪ್ಪನೇ ನನ್ನ ಕೊರಳಿನಿಂದ ಟೇಪು ಎಳೆದುಕೊಂಡ.

"ಸತ್ತ ಮ್ಯಾಲ ತಗೊಳ್ಳೂ ಅಳತಿ ಈಗೇ ತಗೋ. ಮಾಣಿಕನಗರಕ್ಕ ನಡಕೋತ ಹೋಗೂದದ ನನಗ."

ಸುತ್ತಿದೆ. ಹದಿನಾಲ್ಕು ಇಂಚು. "ಹದಿನಾರು" ಎಂದೆ.

ಅಪ್ಪ ಗುರುತಿನ ಮೇಲೆ ಹೆಬ್ಬೆರಳಿನ ಉಗುರು ಊರಿದ. "ನೀ ಸುಳ್ಳ ಬರದ್ರ ಬಟ್ಟಿ ಕೇಳ್ತದೇನಲೇ? ಹದಿನಾಕು ಬರಿ."

ಅಳತೆ ಪುಸ್ತಕದಲ್ಲಿ ಮೊದಲ ಸಲ ಅವನ ಹೆಸರು ಬರೆದೆ.

ಅಲ್ಲಿ ಆರು ವಾರಗಳ ಅಳತೆ ಇದೆ. ಐದು ಸಲ ಹದಿನಾಲ್ಕು, ಆರನೆಯ ಸಲ ಹದಿನಾಲ್ಕೂವರೆ. ಆ ಗುರುವಾರ ಅಪ್ಪ ಮಾಣಿಕನಗರದ ಅರ್ಧ ದಾರಿ ನಡೆದಿದ್ದ. "ಇನ್ನರ್ಧ ಬರೂ ವಾರ" ಎಂದು ಕಲ್ಲಿನ ಮೇಲೆ ಕೂತು ನಕ್ಕಿದ್ದ. ಮರುದಿನ ಜ್ವರ ಬಂತು, ಬರುವ ವಾರ ಬರಲಿಲ್ಲ.

ಬಿಳಿ ಬಟ್ಟೆ ಕತ್ತರಿಸುವಾಗ ಹಿರಿಯರೊಬ್ಬರು ಟೇಪು ಕೊಟ್ಟರು. ಬೇಡವೆಂದೆ. ಅವನ ಅಳತೆ ನನ್ನ ಹತ್ತಿರ ಇತ್ತು.