ಚಕ್ಕುಬಂದಿಯ ನಡುವೆ

ಹಾಸನದ ಆ ಹಳೇ ಅಪಾರ್ಟ್‌ಮೆಂಟಿನ ನೆಲಮಹಡಿಯ ಮನೆಯನ್ನು ನೋಡಲು ಹೋದ ದಿನ ಸಾಕಮ್ಮ ಮಾಡಿದ ಮೊದಲ ಕೆಲಸವೆಂದರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲ್‌ನ ನೆಲದ ಮೇಲೆ ಅಂಗಾತ ಮಲಗಿದ್ದು. ತಲೆಯನ್ನು ಒಂದು ಸಲ ಕಿಟಕಿಯ ಕಡೆಗೆ ಮಾಡಿ ಮಲಗಿದಳು. ಎದ್ದು, ಇನ್ನೊಂದು ಸಲ ಬಾಗಿಲ ಕಡೆಗೆ ಮಾಡಿ ಮಲಗಿದಳು. ಮನೆ ತೋರಿಸಲು ಬಂದಿದ್ದ ಬ್ರೋಕರ್ ಕಾಂತರಾಜು ಕೀಲಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟ.

"ಇದೇನವ್ವ, ರಿಜಿಸ್ಟ್ರಿಗೆ ಮುಂಚೇನೇ ಮಲಗ್ಬುಟ್ರಿ?"

"ಆಳು ಬಿದ್ರೆ ತಲೆ ಎಲ್ಲಿಗೆ ಬತ್ತದೆ ಅಂತ ನೋಡ್ದೆ ಕಣಪ್ಪ."

ಅವನು ನಕ್ಕ. ಸಾಕಮ್ಮ ನಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೂಲೆ ಚೂಪಾಗಿದೆಯೇ ಎಂದು ಅಂಗೈ ಸವರಿ ನೋಡಿದಳು. ಬಚ್ಚಲುಮನೆಯ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿದಳು.

"ಇದು ಒಳಕ್ಕೆ ತೆಗೀತದೆ. ಆಚೆಗೆ ತೆಗೆಯೋ ಅಂಗೆ ಮಾಡಿಸ್ಬೇಕು."

"ಯಾಕವ್ವ?"

"ಒಳಗೆ ಬಿದ್ದೋರು ಬಾಗಿಲಿಗೆ ಅಡ್ಡಾದ್ರೆ ಆಚೆಯಿಂದ ನೂಕಕ್ಕಾಗಲ್ಲ."

"ಯಾರವ್ವ ಬೀಳೋರು?"

"ನಂಗೂ ವಯಸ್ಸಾಯ್ತಲ್ಲಪ್ಪ," ಎಂದಳು ಸಾಕಮ್ಮ.

ಬೀಳುವವಳು ಮಗಳು ನಾಗಲಕ್ಷ್ಮಿ. ಮೂವತ್ತನಾಲ್ಕು ವರ್ಷ, ಎಸ್ಸೆಸ್ಸೆಲ್ಸಿ ಪಾಸಾದವಳು. ಹದಿನಾರನೇ ವಯಸ್ಸಿನಿಂದ ಮೂರ್ಛೆ. ಮಾತ್ರೆ ತಪ್ಪಿಸುವುದಿಲ್ಲ, ಆದರೂ ತಿಂಗಳಿಗೆ ಒಂದು ಸಲವೋ ಎರಡು ಸಲವೋ, ಹೇಳದೆ ಕೇಳದೆ, ನಿಂತಲ್ಲೇ ಬೀಳುತ್ತಾಳೆ. ಎರಡು ನಿಮಿಷ ಕೈಕಾಲು ಸೆಟೆದು ಒದ್ದಾಡುತ್ತವೆ. ಆಮೇಲೆ ಎದ್ದು ಕುಳಿತು ನೀರು ಕೇಳುತ್ತಾಳೆ. ಅಷ್ಟೇ. ಆದರೆ ಆ ಎರಡು ನಿಮಿಷವನ್ನು ಕಂಡ ಮೇಲೆ ಯಾವ ಮನೆಯವರೂ ಅವರನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಗಂಡ ಚನ್ನಪ್ಪ ತೀರಿಹೋಗಿ ಸಾಕಮ್ಮ ಶಾಲೆಯ ಅಡುಗೆ ಕೆಲಸಕ್ಕೆಂದು ಹಾಸನಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟರಲ್ಲಿ ಆರು ಬಾಡಿಗೆ ಮನೆ. ಯಾರೂ ಮುಖಕ್ಕೆ ಮುಖ ಕೊಟ್ಟು ಕಾರಣ ಹೇಳಿದವರಲ್ಲ. ಒಬ್ಬರಿಗೆ ಮಗನ ಮದುವೆ, ಇನ್ನೊಬ್ಬರ ತಮ್ಮ ಊರಿಂದ ಬರುತ್ತಾನೆ, ಮತ್ತೊಬ್ಬರಿಗೆ ಮನೆ ರಿಪೇರಿ ಮಾಡಿಸಬೇಕು. ಈಗಿನ ಮನೆಯ ಒಡತಿ ಅಮಾವಾಸ್ಯೆಗೆ ಖಾಲಿ ಮಾಡಿ ಎಂದಿದ್ದಳು. ಉಳಿದಿದ್ದು ಹದಿನೆಂಟು ದಿನ.

ಶಾಂತಿಗ್ರಾಮದ ಹೆದ್ದಾರಿ ಪಕ್ಕದಲ್ಲಿದ್ದ ಸಾಕಮ್ಮನ ತುಂಡು ಹೊಲ ರಸ್ತೆಗೆ ಹೋಗಿ ಪರಿಹಾರ ಬಂದಿತ್ತು. ಅದರಲ್ಲಿ ಒಂದು ಸ್ವಂತ ಬಾಗಿಲು ಕೊಳ್ಳಬೇಕು, ಯಾರೂ 'ಎದ್ದೋಗಿ' ಎನ್ನಲಾಗದ ಬಾಗಿಲು. ಇದೊಂದೇ ಅವಳ ಆಸೆ. ಕೈಗೆಟುಕುವ ಮನೆಗಳೆಲ್ಲ ಲಿಫ್ಟಿಲ್ಲದ ಎರಡನೇ ಮಹಡಿಯಲ್ಲೋ ಮೂರನೇ ಮಹಡಿಯಲ್ಲೋ ಇದ್ದವು. ಮೆಟ್ಟಿಲ ಮೇಲೆ ಮಗಳು ಬಿದ್ದರೆ ಮತ್ತೆ ಏಳಲಿಕ್ಕಿಲ್ಲ. ನೆಲದ ಮೇಲೆ ಸಿಕ್ಕಿದ್ದು ಇದೊಂದೇ.

ಎರಡನೇ ಸಲ ಮಗಳನ್ನೂ ಕರೆದುಕೊಂಡು ಬಂದಳು. ನಾಗಲಕ್ಷ್ಮಿ ಗೇಟಿನ ಬಳಿಯೇ ಬಿದ್ದಳು. ಮೇಲಿನ ಮನೆಯವರು ಬಾಲ್ಕನಿಗೆ ಬಂದು ಬಗ್ಗಿ ನೋಡಿದರು. ಯಾರೂ ಇಳಿದು ಬರಲಿಲ್ಲ.

ಮೂರನೇ ಸಲ ಮಳೆ ಬಂದ ಮಾರನೇ ದಿನ ಒಬ್ಬಳೇ ಬಂದಳು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಉಪ್ಪು ಎದ್ದಿತ್ತು. ಬೆರಳಲ್ಲಿ ಕೆರೆದರೆ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಸುಣ್ಣ ಹೊಡೆಸಿದರಾಯಿತು ಎಂದುಕೊಂಡಳು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಎಣಿಸುತ್ತಾ ಕುಳಿತಳು. ಇನ್ನೂರಾದರೂ ಮೂಲೆಯಲ್ಲಿ ನೀರು ನಿಂತೇ ಇತ್ತು. ಕಸಬರಿಕೆಯಲ್ಲಿ ನೂಕಿದರಾಯಿತು. ನಲ್ಲಿಯ ನೀರನ್ನು ಬಾಟಲಿಯಲ್ಲಿ ಹಿಡಿದು ಮನೆಗೆ ತಂದು ಒಂದು ಹಿಡಿ ತೊಗರಿಬೇಳೆ ಬೇಯಿಸಿದಳು. ಮುಕ್ಕಾಲು ಗಂಟೆಯಾದರೂ ಬೇಳೆ ಕಾಳುಕಾಳಾಗಿಯೇ ಉಳಿಯಿತು. ಬರೀ ಬೋರ್‌ವೆಲ್ಲು. ಕುಕ್ಕರಿಗೆ ಇನ್ನೆರಡು ಕೂಗು ಜಾಸ್ತಿ ಹಾಕಿಸಿದರಾಯಿತು. ಈ ಕುಂದುಗಳೆಲ್ಲ ಇಲ್ಲದಿದ್ದರೆ ಆ ಮನೆ ತನ್ನಂಥವಳ ಪಾಲಿಗೆ ಎಲ್ಲಿ ಬರುತ್ತಿತ್ತು ಎಂದು ಒಂದೊಂದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಕಾಗದಪತ್ರದ ವಿಷಯದಲ್ಲಿ ಮಾತ್ರ ಅವಳು ಯಾರನ್ನೂ ಪೂರ್ತಿ ನಂಬುವವಳಲ್ಲ. ತನಗೆ ಬರುತ್ತಿದ್ದುದು ಸಹಿ, ಅಂಕಿ, ಬಸ್ಸಿನ ಬೋರ್ಡು. ಆದ್ದರಿಂದ ಒಂದೇ ಕಾಗದವನ್ನು, ಆ ಮನೆಯ ಕ್ರಯಪತ್ರದ ನಕಲನ್ನು, ಇಬ್ಬರ ಹತ್ತಿರ ಬೇರೆ ಬೇರೆ ದಿನ ಓದಿಸಿದಳು. ಮೊದಲು ಕಾಂತರಾಜು, ಆಮೇಲೆ ಶಾಲೆಯಲ್ಲಿ ಗುಮಾಸ್ತರಾಗಿದ್ದ ಪಾಲಾಕ್ಷ. ಇಬ್ಬರಿಗೂ ಕೇಳಿದ್ದು ಒಂದೇ ಪ್ರಶ್ನೆ: "ಚಕ್ಕುಬಂದಿ ಓದಿ."

ಹೊಲ ಗೇಯ್ದವರಿಗೆ ಕ್ರಯಪತ್ರವೆಂದರೆ ಚಕ್ಕುಬಂದಿ, ನಾಲ್ಕು ದಿಕ್ಕಿನ ಎಲ್ಲೆ. ಪೂರ್ವಕ್ಕೆ ಮಹಡಿ ಮೆಟ್ಟಿಲು, ಪಶ್ಚಿಮಕ್ಕೆ ಕಾಂಪೌಂಡು, ಉತ್ತರಕ್ಕೆ ನೀರಿನ ಸಂಪು, ದಕ್ಷಿಣಕ್ಕೆ ರಸ್ತೆ. ಇಬ್ಬರ ಬಾಯಲ್ಲೂ ಒಂದೇ ಬಂತು. ಸಾಕಮ್ಮ ಹೋಗಿ ನಾಲ್ಕೂ ಕಡೆ ಹೆಜ್ಜೆ ಹಾಕಿ ನೋಡಿದಳು. ಒಂದಡಿಯೂ ವ್ಯತ್ಯಾಸವಿರಲಿಲ್ಲ.

"ಎಲ್ಲಾ ಕರೆಕ್ಟಾಗಿದೆ ಕಣಮ್ಮ. ಧೈರ್ಯವಾಗಿ ತಗೊಳ್ಳಿ," ಎಂದಿದ್ದರು ಪಾಲಾಕ್ಷ. ಅವರು ಮೋಸದ ಮನುಷ್ಯರಲ್ಲ.

ಮುಂಗಡ ಕೊಡುವ ಹಿಂದಿನ ದಿನ, ಸಾಕಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಗ ನಾಗಲಕ್ಷ್ಮಿ ಆ ಕಾಗದವನ್ನು ಕೈಗೆತ್ತಿಕೊಂಡಳು.

"ಮಡಗು. ಓದುದ್ರೆ ತಲೆಗೆ ಭಾರ ಆಯ್ತದೆ."

"ನಾನಿರೋ ಮನೆ ಅಲ್ವೇನವ್ವ," ಎಂದವಳು ಸಾಲಿನ ಕೆಳಗೆ ಬೆರಳಿಟ್ಟು ಮೊದಲಿನಿಂದ ಓದಿದಳು. ಅವಳ ಓದು ನಿಧಾನ, ಒಂದಕ್ಷರವನ್ನೂ ಬಿಡುವುದಿಲ್ಲ. ನಾಲ್ಕು ಎಲ್ಲೆ ಮುಗಿದ ಮೇಲೂ ಬೆರಳು ನಿಲ್ಲಲಿಲ್ಲ. "'ಈ ಮಧ್ಯೆ ಇರುವ, ನೆಲಮಹಡಿಯ ವಾಹನ ನಿಲುಗಡೆ ಜಾಗ.'"

"ಏನಂದೆ?"

"ಕಾರು ನಿಲ್ಸೋ ಜಾಗ ಅಂತದೆ ಕಣವ್ವ. ಮನೆ ಅಂತ ಎಲ್ಲೂ ಇಲ್ಲ."

ಸಾಕಮ್ಮ ಮೂರು ಸಲ ಓದಿಸಿದಳು. ಹೊಲದ ಪತ್ರದಲ್ಲಿ ನಾಲ್ಕು ಕಡೆ ಸರಿಯಾದರೆ ನಡುವೆ ಇರುವುದು ಹೊಲವೇ, ಅದನ್ನು ಯಾರೂ ಓದಿಸುವುದಿಲ್ಲ. ಇಲ್ಲಿಯೂ ಅವಳು ಹಾಗೇ ಮಾಡಿದ್ದಳು. ತಾನು ಮಲಗಿ ಅಳೆದ ಹಾಲ್, ತೆಗೆದು ಹಾಕಿದ ಬಚ್ಚಲ ಬಾಗಿಲು, ಸುಣ್ಣ ಹೊಡೆಸಬೇಕೆಂದಿದ್ದ ಗೋಡೆ, ಯಾವುದೂ ಕಾಗದದಲ್ಲಿ ಇರಲಿಲ್ಲ.

ಕಾಗದವನ್ನು ಮಡಚಿ ಗೋಣಿಚೀಲದ ತಳಕ್ಕೆ ತುರುಕಿ ಹೇಳಿದಳು: "ನೀನು ಓದ್ಲೇ ಇಲ್ಲ ಅನ್ಕೊ, ನಾಗು."

"ಓದಾಯ್ತಲ್ಲವ್ವ. ನಾಳೆ ಯಾರಾನಾ ಬಂದು ಕಾರು ನಿಲ್ಲುಸ್ಬೇಕು, ಎದ್ದೋಗಿ ಅಂದ್ರೆ?"

ಸಾಕಮ್ಮ ಆ ಕಾಗದವನ್ನು ಚೀಲದ ತಳದಿಂದ ಮತ್ತೆ ಹೊರಗೆ ತೆಗೆದಳು.

ಬೆಳಿಗ್ಗೆ ಇಬ್ಬರೂ ಮನೆಯ ಮಾಲೀಕ ಅಮರನಾಥನ ಹಾರ್ಡ್‌ವೇರ್ ಅಂಗಡಿಗೆ ಹೋದರು. ಅವನು ಪೇಂಟಿನ ಡಬ್ಬ ಪಕ್ಕಕ್ಕೆ ಸರಿಸಿ ಸ್ಟೂಲು ಕೊಟ್ಟ. ಮಾತು ಕೇಳಿ ಸಿಟ್ಟು ಮಾಡಿಕೊಳ್ಳಲಿಲ್ಲ.

"ಅಯ್ಯೋ ಅಮ್ಮ, ಇಪ್ಪತ್ತೆಂಟು ವರ್ಷದಿಂದ ಗೋಡೆ ನಿಂತಿದೆ. ಯಾರೂ ಬಂದು ಕೇಳಿಲ್ಲ."

"ಕೇಳುದ್ರೆ?"

"ಕೇಳಿದಾಗ ನೋಡ್ಕೊಂಡ್ರಾಯ್ತು."

"ಮನೆ ಅಂತ ಬರೆಸಿ ಕೊಡ್ತೀರಾ ಸಾ?"

"ಪ್ಲಾನಲ್ಲೇ ಇಲ್ದಿದ್ದನ್ನ ನಾನೆಲ್ಲಿಂದ ಬರೆಸ್ಲಮ್ಮ? ಅದಿದ್ದಿದ್ರೆ ಈ ರೇಟಿಗೆ ಯಾರು ಕೊಡ್ತಿದ್ರು?"

ಅದು ನಿಜ. ಸಾಕಮ್ಮ ಎದ್ದು ನಿಂತು, ಯಾರ ಮುಂದೆಯೂ ಮುಗಿಯದ ಕೈಯನ್ನು ಮುಗಿದಳು.

"ಅಂಗಾರೆ ಬಾಡಿಗೆಗೇ ಕೊಡಿ ಸಾ. ನಂಗೆ ಇನ್ನು ಒಂಬತ್ತು ದಿನ ಅದೆ. ಹತ್ತು ತಿಂಗಳ ಅಡ್ವಾನ್ಸ್ ಇವತ್ತೇ ಕೊಡ್ತೀನಿ."

ಅಮರನಾಥ ಮೊದಲ ಸಲ ಮುಖ ತಿರುಗಿಸಿದ. "ಬಾಡಿಗೆಗೆ ಆಗಲ್ಲಮ್ಮ."

"ಯಾಕೆ ಸಾ?"

"ಅವತ್ತು ಗೇಟ್ ಹತ್ರ ನಿಮ್ ಹುಡುಗಿ ಬಿದ್ದಿದ್ದನ್ನ ಮೇಲ್ಗಡೆಯೋರು ನೋಡಿದಾರೆ. ಫೋನ್ ಮಾಡಿದ್ರು. ಮಾರ್‌ಬಿಟ್ರೆ ಅದು ನಿಮ್ದು, ನನ್ನ ಕೇಳಂಗಿಲ್ಲ. ಬಾಡಿಗೆ ಅಂದ್ರೆ ದಿನಾ ನನ್ ತಲೆ ತಿಂತಾರೆ."

ನಾಗಲಕ್ಷ್ಮಿ ಸ್ಟೂಲಿನಿಂದ ಎದ್ದಳು. "ಬಾ ಅವ್ವ," ಎಂದಳು.

ರಸ್ತೆಗೆ ಬಂದು ಸಾಕಮ್ಮ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತಳು.

"ಎಲ್ಲಿಗೋಗನ ಮಗ?"

"ಮನೆ ಕೇಳಕ್ಕೆ. ಈ ಸಲ ನಾನೇ ಮೊದ್ಲು ಯೋಳ್ತೀನಿ, ನಂಗೆ ಫಿಟ್ಸ್ ಬತ್ತದೆ ಅಂತ."

"ಯೋಳುದ್ರೆ ಯಾರು ಕೊಟ್ಟಾರು?"

"ಯೋಳ್ದೆ ಇದ್ದಾಗ ಕೊಟ್ರಲ್ಲ, ಮಡಿಕೊಂಡ್ರಾ?"

ಸಾಕಮ್ಮ ಜಗಲಿಯಿಂದ ಎದ್ದಳು. ಬಿಸಿಲೇರುವ ಹೊತ್ತಿಗೆ ಬಾಡಿಗೆ ಬೋರ್ಡಿದ್ದ ಆರು ಮನೆ ಮುಗಿಸಿದ್ದರು. ನಾಲ್ಕು ಕಡೆ, ನಿನ್ನೆಯೇ ಆಗಿಹೋಯಿತು ಎಂದರು. ಒಂದು ಕಡೆ ಬಾಗಿಲು ಹಾಕಿಕೊಂಡರು. ಇನ್ನೊಂದು ಕಡೆಯ ಹೆಂಗಸು ನಾಗಲಕ್ಷ್ಮಿಯ ವಯಸ್ಸು ಕೇಳಿ, ಪಾಪ ಎಂದು ನೀರು ಕೊಟ್ಟು ಕಳಿಸಿದಳು.

ಏಳನೇ ಮನೆಯ ಗೇಟು ತೆಗೆದ ಹೆಂಗಸು ನಾಗಲಕ್ಷ್ಮಿಯ ಮಾತನ್ನು ಕೊನೆಯವರೆಗೂ ಕೇಳಿದಳು. "ನಮ್ಮೆಜಮಾನ್ರು ಊಟಕ್ಕೆ ಬರೋ ಹೊತ್ತು. ಕೇಳಿ ಹೇಳ್ತೀನಿ," ಎಂದು ಒಳಗೆ ಹೋದಳು. ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಗೇಟಿನ ಮುಂದೆ ನೆರಳಿರಲಿಲ್ಲ. ಸಾಕಮ್ಮ ಮಗಳ ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತು ಕಾದಳು.