ಫ್ರಿಜ್ಜಲ್ಲಿಟ್ಟ ಎಡೆ

ಮೊನ್ನೆ ನಮ್ಮನೇಲಿ ಒಂದು ಬಾಟ್ಲಿ ಮುಚ್ಚಳ ತೆಗೆದಿದ್ದೇ ತಡ, ಲವಂಗದ ವಾಸನೇನೂ ಹುಳಿದ್ರಾಕ್ಷಿ ವಾಸನೇನೂ ಒಟ್ಟಿಗೇ ಬಂದು ಮೂಗಿಗೆ ಹೊಡೀತು. ನಿಂತಿದ್ದೋನು ಕುರ್ಚಿ ಹಿಡ್ಕೊಂಡು ಕೂತ್ಬಿಟ್ಟೆ.

ಸೊಸೆಗೆ ಆಫೀಸಲ್ಲಿ ಯಾರೋ ಕ್ರಿಸ್‌ಮಸ್ಸಿಗೆ ಅಂತ ಕೇಕಿನ ಜೊತೆ ಕೊಟ್ಟಿದ್ರು, ಮನೇಲೇ ಮಾಡಿದ ರೆಡ್ ವೈನು. ಶುರುವಾಯ್ತು ನೋಡಿ ಶಿವಮೊಗ್ಗ ರವೀಂದ್ರನಗರದ ನಮ್ಮನೆ ಊಟದ ಟೇಬಲ್ ಮೇಲೆ ಜಗಳ. ಮಗ ಬಾಟ್ಲಿ ಎತ್ಕೊಂಡು ಫ್ರಿಜ್ ಕಡೆ ಹೊರಟ. ಸೊಸೆ ಮೊಬೈಲ್ ನೋಡ್ಕೊಂಡು, "ರೀ, ರೆಡ್ ವೈನ್ ತಣ್ಣಗೆ ಮಾಡ್ಬಾರ್ದಂತೆ. ರೂಮ್ ಟೆಂಪರೇಚರಲ್ಲೇ ಕೊಡ್ಬೇಕಂತೆ" ಅಂದ್ಲು. "ಯಾವ ರೂಮು? ಈ ಸೆಕೇಲಿ?" ಅಂದ ಇವನು. ಕೊನೆಗೆ ಇಬ್ರೂ ನನ್ನ ಕಡೆ ತಿರುಗಿದ್ರು, ತೀರ್ಪು ಹೇಳಿ ಅಂತ.

ಈ ಊರಲ್ಲಿ ಬಾಯಿಗೆ ಬೀಗ ಇಲ್ಲದ ಮನುಷ್ಯ ಯಾರು ಅಂದ್ರೆ ನಾನು. ಆವತ್ತು ಮಾತ್ರ ತೀರ್ಪು ಹೇಳದೆ ಎದ್ದು ಹೋದೆ. ಯಾಕಂದ್ರೆ ಈ ಜಗಳ ನಾನು ಮೊದ್ಲೇ ಕೇಳಿದ್ದೆ. ಇದೇ ಮಾತು, ಇದೇ ವಾಸನೆ... ಆಡ್ತಿದ್ದೋರು ಇಬ್ರೂ ಈಗಿಲ್ಲ.

ನಾನು ಕೆಲಸದಲ್ಲಿದ್ದಾಗ ಭದ್ರಾವತಿ ಕಾರ್ಖಾನೆ ಕ್ವಾರ್ಟ್ರಸ್ಸಲ್ಲಿ ನಮ್ಮ ಪಕ್ಕದ್ಮನೆ ಅಕ್ಕ. ಒಡಹುಟ್ಟಿದ ಅಕ್ಕ ಅಲ್ಲ, ಒಂದೇ ಗೋಡೆ ಹಂಚ್ಕೊಂಡ ಅಕ್ಕ. ಮನೇಲಿ ತಮಿಳು ಮಾತಾಡೋ ಕ್ರಿಶ್ಚಿಯನ್ನರು. ಕನ್ನಡ ಸ್ವಲ್ಪ ಆ ಕಡೆ ಈ ಕಡೆ ಆಗ್ತಿತ್ತು, ಆದ್ರೆ ನನ್ನ ಬೈಯೋವಾಗ ಮಾತ್ರ ಒಂದಕ್ಷರ ತಪ್ತಿರ್ಲಿಲ್ಲ. ಅಕ್ಕ ಅಂದ್ಮೇಲೆ ಅವ್ರ ಯಜಮಾನ್ರು ನನಗೆ ಭಾವ. ಭಾವ ಅಂದ್ಮೇಲೆ ಕಾಲೆಳೆಯೋದು ನನ್ನ ಹಕ್ಕು, ಯಾರೂ ಕೇಳೋ ಹಾಗಿಲ್ಲ.

ನನ್ನ ಬಗ್ಗೆ ನಾನೇ ಹೇಳ್ಕೋಬಾರ್ದು, ಆದ್ರೆ ಬೇರೆಯೋರು ಸರಿಯಾಗಿ ಹೇಳಲ್ವಲ್ಲ. ಕ್ಯಾಂಟೀನ್ ಗಡಿಯಾರ ಮುಂದಕ್ಕೆ ತಿರುಗಿಸಿ ಇಡೀ ಶಿಫ್ಟನ್ನ ಅಡುಗೆ ಬೇಯೋಕ್ಮುಂಚೆ ತಟ್ಟೆ ಹಿಡ್ಕೊಂಡು ನಿಲ್ಲಿಸಿದೋನು ನಾನು. ಸೂಪರ್‌ವೈಸರ್ ಛತ್ರಿ ಒಳಗೆ ಅರಿಶಿನ ಪುಡಿ ತುಂಬಿ, ಮೊದಲ್ನೇ ಮಳೆಗೆ ಅವ್ರನ್ನ ಮದುವಣಿಗ ಮಾಡಿದೋನೂ ನಾನೇ. ಕ್ವಾರ್ಟ್ರಸ್ಸಲ್ಲಿ ಯಾರ ಚಪ್ಪಲಿ ಕಳೆದ್ರೂ, ಯಾರ ಕೋಳಿಗೆ ಲಂಗ ಕಟ್ಟಿದ್ರೂ, ಜನ ಸೀದಾ ನಮ್ಮನೆ ಬಾಗಿಲಿಗೇ ಬರೋರು. ಮುಕ್ಕಾಲು ಪಾಲು ಸರಿಯಾದ ಬಾಗಿಲಿಗೇ ಬಂದಿರ್ತಿದ್ರು ಅನ್ನಿ.

ಅಕ್ಕ ವರ್ಷಾ ವರ್ಷಾ ಕಪ್ಪು ದ್ರಾಕ್ಷಿ ತಂದು, ತೊಳೆದು, ಪಂಚೆ ಮೇಲೆ ಹರವಿ ಒಣಗಿಸಿ, ದೊಡ್ಡ ಪಿಂಗಾಣಿ ಭರಣಿಗೆ ಸಕ್ಕರೆ, ಗೋಧಿ, ಚಕ್ಕೆ, ಲವಂಗದ ಜೊತೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮಂಚದ ಕೆಳಗೆ ಇಡೋರು. ಕ್ರಿಸ್‌ಮಸ್ ಹತ್ತಿರ ಬಂದ್ರೆ ಆ ವಾಸನೆ ಗೋಡೆ ದಾಟಿ ನಮ್ಮನೆ ದೇವರ ಕೋಣೆಗೇ ಬರೋದು. ನನ್ನ ಹೆಂಡತಿ ಊದಿನಕಡ್ಡಿ ಹಚ್ಚೋಳು. ನಾನು ಆರಿಸೋನು.

ವೈನ್ ಸೋಸಿದ ದಿನ ಆ ಮನೇಲಿ ಜಗಳ ಗ್ಯಾರಂಟಿ. ಅಕ್ಕನ ಅಪ್ಪ ಚಿಕ್ಕಮಗಳೂರು ಕಡೆ ಒಬ್ಬ ವಿದೇಶಿ ಪಾದ್ರಿ ಬಂಗ್ಲೇಲಿ ಅಡುಗೆ ಮಾಡ್ತಿದ್ರಂತೆ. ರೆಡ್ ವೈನನ್ನ ಯಾವತ್ತೂ ತಣ್ಣಗೆ ಕೊಡಬಾರ್ದು, ತಣ್ಣಗಾದ್ರೆ ಅದರ ಜೀವ ಹೋಗುತ್ತೆ ಅಂತ ಆ ಪಾದ್ರಿ ಹೇಳಿದ್ದೇ ಅಕ್ಕಂಗೆ ಕೊನೇ ಮಾತು. ಭಾವ ಕೆಲಸ ಮಾಡ್ತಿದ್ದಿದ್ದು ಫರ್ನೇಸ್ ಮುಂದೆ. ಮನೆಗೆ ಬಂದ್ರೆ ಅಂಗಿ ಕೂಡ ಬಿಸಿ ಇರೋದು. ಅವ್ರಿಗೆ ನೀರು, ಮಜ್ಜಿಗೆ, ಬಾಳೆಹಣ್ಣು, ಎಲ್ಲಾ ಫ್ರಿಜ್ಜಿಂದಾನೇ ಬರಬೇಕು.

"ನಿಮ್ಮ ಪಾದ್ರಿ ರೂಮು ಬೇರೆ, ನನ್ನ ರೂಮು ಬೇರೆ ಕಣೇ! ಅವರೂರಲ್ಲಿ ರೂಮೇ ಫ್ರಿಜ್ಜು!" ಅನ್ನೋರು ಭಾವ.

"ನೀವು ಕುಡೀರಿ, ಐಸ್ ಕ್ಯಾಂಡಿ ಮಾಡ್ಕೊಂಡು ಚೀಪಿ, ನನಗೇನು" ಅನ್ನೋರು ಅಕ್ಕ.

ಅಕ್ಕ ಬಾಟ್ಲಿ ಕಪಾಟಲ್ಲಿಟ್ರೆ ಭಾವ ಫ್ರಿಜ್ಜಿಗೆ ಸಾಗಿಸೋರು. ಭಾವ ಸ್ನಾನಕ್ಕೆ ಹೋದ್ರೆ ಅದು ಮತ್ತೆ ಕಪಾಟಿಗೆ ಬರೋದು. ಒಂದ್ಸಲ ನಾನು ಮಧ್ಯ ಬಾಯಿ ಹಾಕಿದೆ. ಖಾಲಿ ಲೋಟ ಮಾತ್ರ ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿ, ಭರಣಿ ವೈನನ್ನ ಹಾಗೇ ಅದಕ್ಕೆ ಹುಯ್ದು ಭಾವನ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು, "ಆಹಾ... ಇದು ನೋಡು! ತಣ್ಣಗಿದ್ರೇನೇ ರುಚಿ ಗೊತ್ತಾಗೋದು" ಅಂದ್ರು. ನಾನು ಗುಟ್ಟು ಬಿಟ್ಟೆ. ಅಕ್ಕ ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಭಾವ ಉಳಿದದ್ದು ಗಟಗಟ ಕುಡಿದು, ಲೋಟನ ಬೋರಲು ಹಾಕಿ ಎದ್ದು ಹೋದ್ರು. ಅದು ಅವ್ರ ಅಭ್ಯಾಸ. ಲೋಟ ಬೋರಲು ಹಾಕಿದ್ರು ಅಂದ್ರೆ ಸಾಕು, ಇನ್ನು ಹುಯ್ಬೇಡಿ ಅಂತ. ಎಷ್ಟು ಬಲವಂತ ಮಾಡಿದ್ರೂ ಮತ್ತೆ ನೆಟ್ಟಗೆ ಮಾಡ್ತಿರ್ಲಿಲ್ಲ.

ಆ ಭಾವ ಒಂದು ಬೇಸಿಗೆ ಮಧ್ಯಾಹ್ನ ಊಟ ಮುಗಿಸಿ, "ಫ್ರಿಜ್ ನೀರು ಕೊಡೇ" ಅಂದ್ರಂತೆ. ಅಕ್ಕ ಎಂದಿನ ಹಾಗೆ, "ಗಂಟ್ಲು ಕಟ್ಟುತ್ತೆ, ಸುಮ್ನಿರಿ" ಅಂತ ಬೈಕೊಂಡು ಬಿಂದಿಗೆ ನೀರು ತಂದ್ರಂತೆ. ತರೋದ್ರೊಳಗೆ ಮುಗಿದುಹೋಗಿತ್ತು.

ಅಕ್ಕ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಒಂದೇ ಮಾತು ಹೇಳ್ತಿದ್ರು, ಬಂದೋರಿಗೆಲ್ಲ. "ಕೊನೇಗೆ ಕೇಳಿದ್ದು ತಣ್ಣೀರು. ಅದನ್ನೂ ಕೊಡ್ಲಿಲ್ಲ."

ಆ ವರ್ಷ ಪಿತೃಪಕ್ಷಕ್ಕೆ ನಮ್ಮನೇಲಿ ಎಡೆ ಇಟ್ವಿ. ನಮ್ಮಪ್ಪಂಗೆ ಇಷ್ಟ ಅಂತ ಕಡುಬು, ಕೋಳಿ ಸಾರು, ಬೀಡಿ ಕಟ್ಟು, ಒಂದು ಲೋಟ ಬ್ರಾಂದಿ. ಎಲೆ ಮುಂದೆ ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ರೂ ಹೊರಗೆ ಬಂದು ಕೂತ್ವಿ. ಹಿರಿಯರು ಬಂದು ತಿನ್ನೋವಾಗ ನಾವು ನೋಡಬಾರ್ದು, ಅದಕ್ಕೆ. ಅಕ್ಕನೂ ಬಂದು ಜಗಲಿ ಮೇಲೆ ಕೂತಿದ್ರು.

"ನಿಜವಾಗ್ಲೂ ಬರ್ತಾರಾ?" ಅಂದ್ರು ಮೆಲ್ಲಗೆ.

"ಬರದೆ ಏನಕ್ಕ? ನಮ್ಮಪ್ಪ ಬೀಡಿಗಾದ್ರೂ ಬರ್ತಾನೆ" ಅಂದೆ ನಾನು.

"ಏನಿಟ್ರೂ ಬರ್ತಾರಾ?"

"ಊಹೂಂ. ಅವ್ರಿಗೆ ಇಷ್ಟವಾದದ್ದೇ ಇಡಬೇಕು. ಅವ್ರಿಗೆ ಇಷ್ಟವಾದ ಹಾಗೇ ಇಡಬೇಕು. ನಮಗೆ ಇಷ್ಟವಾದ ಹಾಗಲ್ಲ."

ನಾನು ತಮಾಷೆಗೇ ಅಂದಿದ್ದು. ಅಕ್ಕ ಮುಚ್ಚಿದ ಬಾಗಿಲನ್ನೇ ನೋಡ್ತಾ ಕೂತಿದ್ರು...

ಕ್ರಿಸ್‌ಮಸ್ ಬಂತು. ಆವತ್ತು ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ತಂಗಿ ಮಗಳ ನಿಶ್ಚಿತಾರ್ಥ, ನಾನು ಬೆಳಿಗ್ಗೇನೇ ಹೊರಟಿದ್ದೆ. ಹೆಂಡತಿಗೆ ಜ್ವರ, ಮನೇಲೇ ಇದ್ಲು. ಅಕ್ಕ ಚರ್ಚಿಗೆ ಹೋಗೋವಾಗ ಬೀಗ ಹಾಕಿ, ಕೀನ ನಮ್ಮನೆ ಮೊಳೆಗೆ ತಗುಲಿಹಾಕಿ ಹೋಗಿದ್ರು. ಹೋಗೋಕ್ಮುಂಚೆ ಒಂದು ಕೆಲಸ ಮಾಡಿದ್ರು. ಭರಣಿಯಿಂದ ಭಾವನ ಲೋಟಕ್ಕೆ ವೈನ್ ಹುಯ್ದು, ಫ್ರಿಜ್ ಒಳಗಿಟ್ಟು, ಬಾಗಿಲು ಮುಚ್ಚಿದ್ರು. ಅದೇ ಎಡೆ. ಜೀವಮಾನ ಪೂರ್ತಿ ಒಪ್ಪದೇ ಇದ್ದ ಹೆಂಗಸು, ಗಂಡ ಸತ್ತ ಮೇಲೆ ರೆಡ್ ವೈನ್ ತಣ್ಣಗೆ ಕೊಡೋಕೆ ಒಪ್ಪಿದ್ರು. ಕೋಣೆ ಬಾಗಿಲು ಮುಚ್ಚೋ ಬದಲು ಫ್ರಿಜ್ ಬಾಗಿಲು.

ಸಂಜೆ ನಾನು ವಾಪಸ್ ಬಂದ್ರೆ ನಮ್ಮ ಸಾಲಿನೋರೆಲ್ಲ ಅಕ್ಕನ ಮನೆ ಮುಂದೆ. ನನ್ನ ನೋಡಿದ್ದೇ ಎದುರುಮನೆಯೋರು, "ಏನ್ ಮಾರಾಯ, ಸತ್ತೋರನ್ನೂ ಬಿಡಲ್ವಲ್ಲ ನೀನು!" ಅಂದ್ರು. ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಒಳಗೆ ಹೋದೆ. ಅಕ್ಕ ಫ್ರಿಜ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದ್ರು. ಅವ್ರ ಮಗಳು ಕುಂಸೀಲಿ ಟೀಚರ್, ಆಗ ತಾನೇ ಬಂದು ಪಕ್ಕದಲ್ಲಿ ನಿಂತಿದ್ಲು.

"ಚರ್ಚಿಂದ ಬಂದು ಫ್ರಿಜ್ ಬಾಗ್ಲು ತೆಗೆದೆ. ಒಳಗೆಲ್ಲ ಕತ್ತಲೆ. ಕೈಯಾಡಿಸಿದ್ರೆ ಲೋಟ ಸಿಕ್ತು" ಅಂದ್ರು ಅಕ್ಕ. "ಬೋರಲಾಗಿತ್ತು. ಒಂದು ಹನಿ ಕೆಳಗೆ ಚೆಲ್ಲಿಲ್ಲ."

ನಾನು ಬಗ್ಗಿ ಫ್ರಿಜ್ ಒಳಗೆ ನೋಡಿದೆ.

ನಾನಲ್ಲ ಅಂದೆ. ಯಾರೂ ನಂಬ್ಲಿಲ್ಲ. ಆಲ್ಕೊಳದಲ್ಲಿದ್ದೆ ಅಂದೆ. "ನೀನು ಅಲ್ಲಿದ್ಕೊಂಡೇ ಇಲ್ಲಿ ಮಾಡೋ ಗಿರಾಕಿ" ಅಂದ್ರು. ಅಲ್ರೀ, ನಾನು ಮಾಡಿದ್ರೆ ಎದೆ ತಟ್ಕೊಂಡು ಹೇಳ್ತಿರ್ಲಿಲ್ವಾ? ಇಂಥ ಕೆಲಸದ ಹೆಸರು ಬೇರೆಯೋರಿಗೆ ಬಿಟ್ಕೊಡೋ ಪೈಕಿನಾ ನಾನು? ಹೆಂಡತಿನ ಒಳಗೆ ಕರ್ಕೊಂಡ್ಹೋಗಿ ಕೇಳಿದೆ. ಅಕ್ಕ ಬಂದು ತಗೊಳ್ಳೋವರೆಗೂ ಆ ಕೀ ಮೊಳೆ ಬಿಟ್ಟು ಅಲ್ಲಾಡಿಲ್ಲ, ಅದರ ಕೆಳಗೇ ಮಲಗಿದ್ದೆ ಅಂದ್ಲು.

ಆವತ್ತಿಂದ ಅಕ್ಕ ದಿನಾ ಲೋಟ ತುಂಬಿ ಫ್ರಿಜ್ಜಲ್ಲಿಡೋಕೆ ಶುರು ಮಾಡಿದ್ರು. ಇನ್ನೂ ತಣ್ಣಗಿರ್ಲಿ ಅಂತ ಹಾಲು, ಮೊಸರು, ಸೊಪ್ಪು ಎಲ್ಲಾ ತೆಗೆದು ಹೊರಗೆ ಹಾಕಿದ್ರು. ಇಡೀ ಫ್ರಿಜ್ಜಲ್ಲಿ ಒಂದೇ ಲೋಟ. ಸ್ಟೂಲ್ ಮೇಲೆ ಕೂರೋದು, ಬಾಗಿಲು ತೆಗೆಯೋದು, ಇಣುಕೋದು, ಮುಚ್ಚೋದು. ಲೋಟ ತುಂಬಿದ್ದು ತುಂಬಿದ ಹಾಗೇ ಇರೋದು. ಅಡುಗೆ ನಿಲ್ಲಿಸಿದ್ರು. ಗೋಡೆ ಆ ಕಡೆಯಿಂದ ಬಾಗಿಲು ತೆಗೆದು ಮುಚ್ಚೋ ಸದ್ದು, ನಡುನಡುವೆ ಅಕ್ಕನ ದನಿ. "ಒಂದ್ಸಲ ಬಂದ್ರಲ್ಲ... ಈಗೇನಾಯ್ತು? ಇನ್ನೂ ತಣ್ಣಗಾಗ್ಬೇಕಾ?" ನಾನು ಈ ಕಡೆ ಅನ್ನ ಕಲಸಿ ಹಾಗೇ ಕೂತಿರ್ತಿದ್ದೆ.

ಅಕ್ಕ ಕಡ್ಡಿಯಾಗಿಬಿಟ್ರು. ಮಗಳು ಒಂದಿನ ನಮ್ಮನೆಗೆ ಬಂದು ಕಣ್ಣಲ್ಲಿ ನೀರು ಹಾಕ್ಕೊಂಡ್ಲು. "ಮಾಮ, ಹಿಂಗೇ ಬಿಟ್ರೆ ಅಮ್ಮ ಉಳಿಯಲ್ಲ. ನಾನೇ ಕುಡಿದಿದ್ದು ಅಂತ ಹೇಳ್ಬಿಡಿ. ನೀವು ಹೇಳಿದ್ರೆ ನಂಬ್ತಾರೆ."

ನೋಡಿ ಗ್ರಹಚಾರ. ಸುಳ್ಳು ಹೇಳಬೇಡ ಅಂತ ಬೈಸ್ಕೊಂಡೇ ಬೆಳೆದೋನು ನಾನು. ನನ್ನ ಹತ್ರ ಸುಳ್ಳು ಹೇಳು ಅಂತ ಕೈ ಮುಗಿದೋಳು ಇವಳೊಬ್ಳೇ. ಅದೂ ನಾನು ನಿಜ ಹೇಳಿದ ಒಂದೇ ಒಂದು ವಿಷ್ಯದಲ್ಲಿ.

ಹೋದೆ. ಅಕ್ಕನ ಪಕ್ಕ ನೆಲದ ಮೇಲೆ ಕೂತೆ. "ಅಕ್ಕ, ಬೈಬೇಡಿ. ಆವತ್ತು ಆ ಲೋಟ... ನಾನೇ."

ಅಕ್ಕ ತಿರುಗಿ ನೋಡ್ಲಿಲ್ಲ. ಫ್ರಿಜ್ ನೋಡ್ತಾನೇ, "ನೀನೇ ಕುಡಿದ್ಯಾ?" ಅಂದ್ರು.

"ಹೂಂ ಅಕ್ಕ. ಆಲ್ಕೊಳಕ್ಕೆ ಹೋಗೋಕ್ಮುಂಚೆ."

"ಹೆಂಗಿತ್ತು?"

ನಾನು ಯಾವ ಸುಳ್ಳನ್ನೂ ಅರ್ಧಕ್ಕೆ ಬಿಡೋನಲ್ಲ. "ಸಖತ್ ತಣ್ಣಗಿತ್ತಕ್ಕ. ಹಲ್ಲೆಲ್ಲ ಜುಂ ಅಂತು" ಅಂದೆ.

ಅಕ್ಕ ಸಟ್ಟಂತ ತಿರುಗಿದ್ರು. ಏನೋ ನೆನಪು ಮಾಡ್ಕೊಳ್ಳೋ ಹಾಗೆ ಫ್ರಿಜ್ ಕಡೆ ನೋಡಿದ್ರು, ಬಲ್ಬ್ ಕಡೆ ನೋಡಿದ್ರು.

"ಏ ಪೋಕ್ರಿ... ಆವತ್ತು ಕರೆಂಟೆಲ್ಲೋ ಇತ್ತು?"

ನಿಶ್ಚಿತಾರ್ಥದ ಗಡಿಬಿಡೀಲಿ ಅದು ನನಗೆ ನೆನಪೇ ಇರ್ಲಿಲ್ಲ.

"ಹಿಂದಿನ ರಾತ್ರೀನೇ ಹೋಗಿದ್ದು, ಮಧ್ಯಾಹ್ನದ ಮೇಲೇ ಬಂದಿದ್ದು. ಬೆಳಿಗ್ಗೆ, ಈಗ ಬರುತ್ತೆ ಅಂತ ಲೋಟ ಇಟ್ಟು ಹೋದೆ. ಚರ್ಚಲ್ಲಿ ಮೈಕಿಲ್ದೆ ಫಾದರ್ ಕಿರುಚ್ಕೊಂಡೇ ಪೂಜೆ ಮಾಡಿದ್ರು. ಫ್ರಿಜ್ ಬಾಗ್ಲು ತೆಗೆದಾಗ ಲೈಟೂ ಹತ್ತಿರ್ಲಿಲ್ಲ. ನಾನು ಭರಣಿಯಿಂದ ಹೆಂಗೆ ಹುಯ್ದಿದ್ನೋ ಹಂಗೇ ಇತ್ತು ಅದು. ತಣ್ಣಗಾಗೇ ಇರ್ಲಿಲ್ಲ!"

ಆ ಮಾತು ಹೇಳ್ತಾ ಹೇಳ್ತಾನೇ ಅದು ಏನು ಅಂತ ಅವ್ರಿಗೂ ಹೊಳೆದಿದ್ದು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು.

"ಹಂಗೇ ಕುಡಿದ್ರು ಕಣೋ. ನಾನು ಕೊಡೋ ಥರಾನೇ... ಕುಡಿದು ಬೋರಲು ಹಾಕಿದ್ರು. ಸಾಕು ಅಂತ ಹೇಳಿ ಹೋಗಿದಾರೆ. ನಾನು ಮುಂಡೇದು, ಮತ್ತೆ ಮತ್ತೆ ಹುಯ್ಕೊಂಡು ಕೂತಿದ್ದೀನಿ..."

ಭಾವ ಹೋದ ಮೇಲೆ ಅಕ್ಕ ಅತ್ತಿದ್ದು ಆಗ. ಆಮೇಲೆ ಎದ್ದು ಮುಖ ತೊಳ್ಕೊಂಡು, ಫ್ರಿಜ್ಜಲ್ಲಿದ್ದ ಲೋಟದ ವೈನನ್ನ ನನ್ನ ಕೈಗೆ ಕೊಟ್ಟು, "ಕುಡಿ, ಈಗ್ಲಾದ್ರೂ ನಿಜವಾಗ್ಲೂ ಕುಡಿ" ಅಂದ್ರು. ಖಾಲಿ ಲೋಟ ತೊಳೆದು ಕಪಾಟಲ್ಲಿ ಬೋರಲು ಹಾಕಿದ್ರು. ಹೊರಗಿದ್ದ ಮೊಸರಿನ ಪಾತ್ರೆ ಫ್ರಿಜ್ ಒಳಗೆ ಹೋಯ್ತು. ಸಾಯಂಕಾಲ ಗೋಡೆ ದಾಟಿ ಒಗ್ಗರಣೆ ವಾಸನೆ ಬಂತು.

ಹೆದರಿದೋನು ನಾನು. ಅಷ್ಟು ದಿನ ನನ್ನನ್ನ ಕಾಪಾಡಿದ್ದು ಅಂದ್ರೆ, ಬೇರೆ ಯಾರೋ ನನಗಿಂತ ಜೋರಾದ ಪೋಕ್ರಿ ಇದಾನೆ, ಒಂದಿನ ಸಿಗ್ತಾನೆ ಅನ್ನೋ ನಂಬಿಕೆ. ಇಷ್ಟು ವರ್ಷ ಆಯ್ತು. ಯಾರೂ ಬಂದು ನಾನು ಅನ್ಲಿಲ್ಲ. ಈಗ್ಲೂ ಕರೆಂಟ್ ಹೋದಾಗ ನಾನು ಫ್ರಿಜ್ ಬಾಗಿಲು ತೆಗೆಯಲ್ಲ.

ಅಕ್ಕ ಆಮೇಲೆ ಸುಮಾರು ವರ್ಷ ಚೆನ್ನಾಗೇ ಇದ್ರು, ನನ್ನ ಬೈಕೊಂಡು, ಭರಣಿ ತುಂಬ್ಕೊಂಡು. ಕೈಲಾಗದೇ ಇದ್ದಾಗ ಕುಂಸಿಗೆ ಮಗಳ ಮನೆಗೆ ಹೋದ್ರು, ಅಲ್ಲೇ ತೀರ್ಕೊಂಡ್ರು. ಮಣ್ಣಿಗೆ ಹೋಗಿದ್ದಾಗ ಮಗಳು ಭಾವನ ಆ ಲೋಟ ತಂದು ನನ್ನ ಕೈಗಿಟ್ಲು. "ಮಾಮಂಗೇ ಕೊಡು ಅಂತ ಹೇಳಿದ್ರು." ದಪ್ಪ ಗಾಜಿನ ಗಿಡ್ಡ ಲೋಟ. ತಳದಲ್ಲಿ ಕೆಂಪು ಕಲೆ, ಎಷ್ಟು ಉಜ್ಜಿದ್ರೂ ಹೋಗಿಲ್ಲ.

ಆ ಜಗಳದ ಮಾರನೇ ದಿನ ಮಗ ಸೊಸೆ ಇಬ್ರೂ ಕೆಲಸಕ್ಕೆ ಹೋದ್ಮೇಲೆ ಆ ಲೋಟ ಹುಡುಕಿ ತೆಗೆದೆ. ಭಾವಂಗೆ ಅಂತ ಬೇರೆ ಲೋಟಕ್ಕೆ ವೈನ್ ಹುಯ್ದು ಫ್ರಿಜ್ಜಲ್ಲಿಟ್ಟೆ. ಅಕ್ಕ ಕೊಟ್ಟು ಹೋದದ್ದಲ್ವಾ, ಅಕ್ಕಂಗೆ ಅಂತ ಈ ಲೋಟ ತುಂಬಿ ಕಪಾಟಲ್ಲಿಟ್ಟೆ. ಎರಡೂ ಬಾಗಿಲು ಮುಚ್ಚಿ, ಹೊರಗೆ ಜಗಲಿ ಮೇಲೆ ಬಂದು ಕೂತೆ. ಊರಿಗೆಲ್ಲ ಆಟ ಆಡಿಸಿದೋನು ನಾನು. ಒಂದ್ಸಲ, ಒಂದೇ ಒಂದ್ಸಲ ಯಾರಾದ್ರೂ ನನ್ನ ಆಟ ಆಡಿಸ್ಲಿ ಅಂತ ಕಾದೆ... ಬಿಸಿಲು ಮೆಟ್ಟಿಲು ಇಳಿಯೋವರೆಗೂ ಕಾದೆ.

ತೆಗೆದು ನೋಡಿದ್ರೆ ಎರಡೂ ತುಂಬಿದ್ವು.

ಎರಡೂ ನಾನೇ ಕುಡಿದೆ. ಫ್ರಿಜ್ಜಿಂದು ಮೊದಲು, ಆಮೇಲೆ ಅಕ್ಕಂದು. ಸಂಜೆ ಸೊಸೆ ಬಂದು ಎರಡು ಲೋಟ ನೋಡಿ, "ಮಾವ, ಯಾವುದು ಚೆನ್ನಾಗಿತ್ತು? ತೀರ್ಪು ಹೇಳ್ಲೇ ಇಲ್ವಲ್ಲ" ಅಂದ್ಲು. ಏನೋ ಒಂದು ತಮಾಷೆ ಹೇಳಿ ನಗಿಸಿದೆ. ಅವಳು ಅಕ್ಕನ ಲೋಟ ತೊಳೆದು ಬೋರಲು ಹಾಕೋಕೆ ಹೋದ್ಲು. ತಡೀ ಅಂದೆ.

ಅದು ಕಪಾಟಲ್ಲಿ ನೆಟ್ಟಗೇ ಇದೆ.